ಊರಿಗೆ ಕೆಟ್ಟ ಹೆಸರು ಬರುವುದು ಹೇಗೆ? ಅಪರಾಧದ ಲೆಕ್ಕ ಮತ್ತು ಸುದ್ದಿಯ 200 ವರ್ಷದ ಕಥೆ

ಅಪಾಯಕಾರಿ ನಗರಗಳ ಪಟ್ಟಿ ಹೊರಬಿದ್ದ ದಿನ ಯಾವ ದೇಶದಲ್ಲಾದರೂ ಒಂದೇ ನಾಟಕ. ಪಟ್ಟಿಯ ತುದಿಯಲ್ಲಿರುವ ಊರಿನ ಪೊಲೀಸರು ‘ನಾವು ಬಂದ ದೂರನ್ನೆಲ್ಲ ಬರೆದುಕೊಳ್ಳುತ್ತೇವೆ, ಅದಕ್ಕೇ ಸಂಖ್ಯೆ ಜಾಸ್ತಿ’ ಅನ್ನುತ್ತಾರೆ. ವಿರೋಧ ಪಕ್ಷದವರು ಕಾನೂನು ಸುವ್ಯವಸ್ಥೆ ಹಳ್ಳ ಹಿಡಿದಿದೆ ಅನ್ನುತ್ತಾರೆ. ಪಟ್ಟಿಯ ಬುಡದಲ್ಲಿರುವ ಊರಿನವರು ಹೆಮ್ಮೆಯಿಂದ ಫಾರ್ವರ್ಡ್ ಮಾಡುತ್ತಾರೆ. ಪೊಲೀಸರ ಮಾತು ಎಷ್ಟೋ ಸಲ ನಿಜವೇ. ಆದರೂ ಕೇಳುವವರಿಗೆ ಸಬೂಬು ಅನ್ನಿಸುತ್ತದೆ. ಹಿಂದಿನ ವರ್ಷ ಸಂಖ್ಯೆ ಇಳಿದಾಗ ಅವರೇ ‘ಇದು ನಮ್ಮ ಕೆಲಸದ ಫಲ’ ಅಂದಿರುತ್ತಾರಲ್ವಾ?

ಈ ಗೋಜಲು ಹೊಸದಲ್ಲ. ದೇಶದ ಅಪರಾಧಗಳನ್ನೆಲ್ಲ ಒಂದು ಕಡೆ ಲೆಕ್ಕ ಹಾಕಿ ಅಚ್ಚು ಹಾಕಿಸಿದ್ದು ಮೊದಲು ಫ್ರಾನ್ಸ್. 1825ರ ಕೋರ್ಟು ಕೇಸುಗಳ ಅಂಕಿ 1827ರಲ್ಲಿ ಪುಸ್ತಕವಾಗಿ ಬಂತು. ಆಂದ್ರೆ ಮಿಶೆಲ್ ಗೆರಿ ಎಂಬ ವಕೀಲರು ಅದನ್ನು ನಕ್ಷೆಗೆ ಇಳಿಸಿ, ಪ್ರಾಂತ್ಯಗಳಿಗೆ ತಿಳಿ ಮತ್ತು ಗಾಢ ಬಣ್ಣ ಹಚ್ಚಿದರು. ‘ಅದು ಕೆಟ್ಟ ಜಾಗ’ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸುವ ಕೆಲಸ ಅಲ್ಲಿಂದ ಶುರು. ಅದೇ ಕಾಲದ ಬೆಲ್ಜಿಯಂನ ಗಣಿತಜ್ಞ ಕೆಟ್ಲೆ ಮಾತ್ರ ಒಂದು ಎಚ್ಚರಿಕೆ ಕೊಟ್ಟಿದ್ದರು. ನಮಗೆ ಗೊತ್ತಾಗುವುದು ಬೆಳಕಿಗೆ ಬಂದ ಅಪರಾಧ ಮಾತ್ರ. ಅದಕ್ಕೂ ಮುಚ್ಚಿಹೋದದ್ದಕ್ಕೂ ಇರುವ ಅನುಪಾತ ಬದಲಾಗುವುದಿಲ್ಲ ಅಂತ ಇಟ್ಟುಕೊಳ್ಳದಿದ್ದರೆ ಈ ಲೆಕ್ಕದಿಂದ ಏನೂ ಪ್ರಯೋಜನವಿಲ್ಲ ಅಂತ. ಆಮೇಲೆ ನಡೆದ ಜಗಳವೆಲ್ಲ ಈ ಅನುಪಾತದ್ದೇ. ಅದು ಬದಲಾಗುತ್ತಲೇ ಇರುತ್ತದೆ.

ಲಂಡನ್ನಿನಲ್ಲಿ 1862ರ ಜುಲೈಯಲ್ಲಿ ಒಬ್ಬ ಸಂಸದರ ಕತ್ತು ಹಿಸುಕಿ ದೋಚಿದರು. ರಾತ್ರಿ ಸಂಸತ್ತಿನಿಂದ ನಡೆದುಕೊಂಡು ಹೋಗುತ್ತಿದ್ದರು ಅವರು. ಬಡವನ ಕತ್ತು ಹಿಸುಕಿದ್ದರೆ ಎರಡು ಸಾಲಿನ ಸುದ್ದಿ ಆಗುತ್ತಿತ್ತೋ ಇಲ್ಲವೋ, ಆದರೆ ಇದು ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಓಡಿತು. ಕತ್ತಿಗೆ ಹಾಕಿಕೊಳ್ಳುವ ಮುಳ್ಳಿನ ಪಟ್ಟಿಯ ಜಾಹೀರಾತು ಬಂತು. ಪೊಲೀಸರು ಚುರುಕಾದರು, ಸಣ್ಣಪುಟ್ಟ ತಳ್ಳಾಟಕ್ಕೂ ‘ಕತ್ತು ಹಿಸುಕಿ ದರೋಡೆ’ ಅನ್ನುವ ಹೆಸರು ಬಿತ್ತು, ಸಂಖ್ಯೆ ಏರಿತು. ಮರುವರ್ಷ ಇಂಥ ದರೋಡೆಕೋರರಿಗೆ ಛಡಿಯೇಟಿನ ಕಾನೂನೂ ಬಂತು. ಆಮೇಲೆ ದಾಖಲೆ ಕೆದಕಿದ ಇತಿಹಾಸಕಾರರಿಗೆ ಕಂಡಿದ್ದು ಇಷ್ಟು: ಮೊದಲು ಬಂದದ್ದು ಭಯ, ಆಮೇಲೆ ಬಂದದ್ದು ಅಂಕಿ.

ಇದಕ್ಕಿಂತ ಮಜಾ ಇರುವುದು 1890ರ ದಶಕದ ನ್ಯೂಯಾರ್ಕ್ ಕಥೆ. ಲಿಂಕನ್ ಸ್ಟೆಫೆನ್ಸ್ ಎಂಬ ವರದಿಗಾರ ಪೊಲೀಸ್ ಕೇಂದ್ರ ಕಚೇರಿಯ ನೆಲಮಾಳಿಗೆಯಲ್ಲಿ ತೂಕಡಿಸುತ್ತಾ ಕೂತಿದ್ದಾಗ ಪತ್ತೇದಾರರು ಒಂದು ಕಳ್ಳತನದ ಬಗ್ಗೆ ಹರಟುವುದು ಕಿವಿಗೆ ಬಿತ್ತು. ಬರೆದರು. ಎದುರಾಳಿ ಪತ್ರಿಕೆಯ ಜೇಕಬ್ ರೀಸ್‌ಗೆ ಅವರ ಸಂಪಾದಕರು ‘ಇದು ನಿನಗ್ಯಾಕೆ ಸಿಗಲಿಲ್ಲ’ ಅಂತ ಕೇಳಿದರು. ರೀಸ್ ಇನ್ನೊಂದು ಹುಡುಕಿ ತಂದರು. ಉಳಿದ ಪತ್ರಿಕೆಯವರು ಹಿಂದೆ ಬೀಳುತ್ತಾರೆಯೇ? ಕೆಲವೇ ದಿನಗಳಲ್ಲಿ ಊರಿಗೆ ಊರೇ ಕಳ್ಳರ ಹಾವಳಿಯಿಂದ ನಲುಗಿದ ಹಾಗೆ ಕಾಣತೊಡಗಿತು. ಆಗ ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿದ್ದವರು ಥಿಯೋಡರ್ ರೂಸ್‌ವೆಲ್ಟ್, ಮುಂದೆ ದೇಶದ ಅಧ್ಯಕ್ಷರಾದವರು. ಅವರು ಇಬ್ಬರನ್ನೂ ಕರೆಸಿ ವಿಚಾರಿಸಿದಾಗ ಗುಟ್ಟು ರಟ್ಟಾಯಿತು. ಇಬ್ಬರೂ ಬರೆಯುವುದು ನಿಲ್ಲಿಸಿದರು, ಅಪರಾಧದ ಅಲೆಯೂ ನಿಂತಿತು. ಕಳ್ಳತನ ಏರಿರಲಿಲ್ಲ, ಪೇಪರಿಗೆ ಬರುವುದು ಏರಿತ್ತು. ಇದನ್ನು ಸ್ಟೆಫೆನ್ಸ್ ತಮ್ಮ ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ.

ಇಂಥ ಗದ್ದಲಕ್ಕೆ ಒಂದು ಕೊನೆ ಕಾಣಿಸಬೇಕು ಅಂತಲೇ ಅಮೆರಿಕದ ಪೊಲೀಸ್ ಮುಖ್ಯಸ್ಥರ ಸಂಘ ಎಲ್ಲ ಊರಿಗೂ ಒಂದೇ ಅಳತೆಗೋಲು ತಯಾರಿಸಿತು. 1930ರಿಂದ ಕೊಲೆ, ದರೋಡೆ, ಮನೆಗಳ್ಳತನ ಮುಂತಾದ ಏಳು ಬಗೆಯ ಅಪರಾಧಗಳ ಲೆಕ್ಕವನ್ನು ಎಫ್‌ಬಿಐ ಸೇರಿಸತೊಡಗಿತು. ಅಳತೆಗೋಲು ಒಂದೇ, ಹಿಡಿಯುವ ಕೈ ಸಾವಿರಾರು. ಫಿಲಡೆಲ್ಫಿಯಾದಲ್ಲಿ 1951ರಲ್ಲಿ 16,773 ಇದ್ದ ಗಂಭೀರ ಅಪರಾಧ 1953ರಲ್ಲಿ 28,560 ಆಯಿತು. ಎರಡು ವರ್ಷದಲ್ಲಿ ಜನ ಅಷ್ಟು ಕೆಟ್ಟರಾ? ಇಲ್ಲ. ಅಲ್ಲಿಯವರೆಗೆ ಒಂದು ಠಾಣಾ ವ್ಯಾಪ್ತಿಯಲ್ಲೇ ಸುಮಾರು 5,000 ದೂರುಗಳನ್ನು ದಾಖಲೆಗೇ ತಂದಿರಲಿಲ್ಲ. ಹೊಸ ಆಡಳಿತ ಸರಿಯಾಗಿ ಬರೆಯಲು ಹೇಳಿತು, ಬರೆದರು. ಅಂದರೆ ಆ ಊರಿನ ಪೊಲೀಸರು ಪ್ರಾಮಾಣಿಕರಾದ ವರ್ಷವೇ ಊರು ಕಾಗದದ ಮೇಲೆ ಕೆಟ್ಟುಹೋಯಿತು.

ಇನ್ನು 1970ರ ದಶಕದ ನ್ಯೂಯಾರ್ಕ್. ಒಂದು ನಗರದ ಹೆಸರು ಕೆಡುವುದನ್ನೂ ಸರಿಹೋಗುವುದನ್ನೂ ಇಷ್ಟು ಹತ್ತಿರದಿಂದ ನೋಡಲು ಬೇರೆಲ್ಲೂ ಸಿಗುವುದಿಲ್ಲ. 1975ರಲ್ಲಿ ನಗರಾಡಳಿತ ದಿವಾಳಿಯ ಅಂಚಿಗೆ ಬಂದು ಸಾವಿರಾರು ಪೊಲೀಸರನ್ನು ಮನೆಗೆ ಕಳಿಸಲು ಹೊರಟಿತ್ತು. ಪೊಲೀಸ್ ಮತ್ತು ಅಗ್ನಿಶಾಮಕ ನೌಕರರ ಸಂಘಗಳು ಸೇರಿ ಒಂದು ಕರಪತ್ರ ಅಚ್ಚು ಹಾಕಿಸಿದವು. ಮುಖಪುಟದಲ್ಲಿ ಮುಸುಕು ಹೊದ್ದ ತಲೆಬುರುಡೆ, ಮೇಲೆ ‘ಭಯದ ನಗರಕ್ಕೆ ಸ್ವಾಗತ’. ಒಳಗೆ ಪ್ರವಾಸಿಗರಿಗೆ ಒಂಬತ್ತು ಸೂಚನೆಗಳು: ಸಂಜೆ ಆರರ ನಂತರ ಬೀದಿಗೆ ಇಳಿಯಬೇಡಿ, ನಡೆದು ಹೋಗಬೇಡಿ, ಸಬ್‌ವೇ (ನೆಲದಡಿಯ ರೈಲು) ಹತ್ತಲೇಬೇಡಿ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಹೀಗೆ. ಊರು ಕಾಯುವವರೇ ಊರಿಗೆ ಬರಬೇಡಿ ಅಂತ ಸಾರಿದ್ದು! ನಗರಾಡಳಿತ ಕೋರ್ಟಿಗೆ ಓಡಿತು. ಆ ಕಾಲದಲ್ಲಿ ಅಪರಾಧ ನಿಜವಾಗಿಯೂ ಏರಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕರಪತ್ರ ಹುಟ್ಟಿದ್ದು ಅಪರಾಧದಿಂದಲ್ಲ, ಕೆಲಸ ಉಳಿಸಿಕೊಳ್ಳುವ ಜಗಳದಿಂದ. ತಲೆಬುರುಡೆ ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ಮರುವರ್ಷ ಇನ್ನೊಂದು. 1976ರ ಕೊನೆಯಲ್ಲಿ ಸುಮಾರು ಏಳು ವಾರ ಅಲ್ಲಿನ ಟೀವಿ ಮತ್ತು ಪತ್ರಿಕೆಗಳಲ್ಲಿ ವೃದ್ಧರ ಮೇಲಿನ ಹಲ್ಲೆಯದ್ದೇ ಸುದ್ದಿ. ಮಾರ್ಕ್ ಫಿಶ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಆಗ ಒಂದು ಟೀವಿ ಸುದ್ದಿಮನೆಯಲ್ಲಿ ಕೂತು ಎಲ್ಲವನ್ನೂ ಗಮನಿಸುತ್ತಿದ್ದರು. ವೃದ್ಧರ ದರೋಡೆ ತಡೆಯಲೆಂದೇ ಒಂದು ಪೊಲೀಸ್ ಘಟಕವಿತ್ತು, ತಮ್ಮನ್ನು ಯಾರೂ ಕೇಳುವವರಿಲ್ಲ ಅಂತ ಅದರವರಿಗೆ ಬೇಸರವಿತ್ತು, ಹಾಗಾಗಿ ವರದಿಗಾರರಿಗೆ ಮಾಹಿತಿ ಸಲೀಸಾಗಿ ಸಿಗುತ್ತಿತ್ತು. ಒಂದು ಚಾನೆಲ್ ಹಾಕಿದ್ದನ್ನು ನೋಡಿ ಇನ್ನೊಂದು ಹಾಕುತ್ತಿತ್ತು. ‘ವೃದ್ಧರ ಮೇಲೆ ಮತ್ತೊಂದು ದಾಳಿ’ ಅನ್ನುವ ಶೀರ್ಷಿಕೆ ಮೊದಲೇ ಸಿದ್ಧ, ಅದಕ್ಕೆ ಹೊಂದುವ ಘಟನೆ ಆಮೇಲೆ ಹುಡುಕಿದ್ದು. ಫಿಶ್‌ಮನ್ ಪೊಲೀಸ್ ಅಂಕಿ ತೆಗೆದು ನೋಡಿದರೆ ವೃದ್ಧರ ಕೊಲೆ ಹಿಂದಿನ ವರ್ಷಕ್ಕಿಂತ ಶೇ 19ರಷ್ಟು ಇಳಿದಿತ್ತು. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಅನ್ನುವುದನ್ನು ಗಮನಿಸಿ. ಪ್ರತಿಯೊಂದು ಘಟನೆಯೂ ನಡೆದದ್ದೇ.

1990ರಲ್ಲಿ ಆ ನಗರದಲ್ಲಿ 2,245 ಕೊಲೆ. ಸಬ್‌ವೇಯಲ್ಲಿ ಒಬ್ಬ ಪ್ರವಾಸಿಯ ಕೊಲೆಯಾದಾಗ ಒಂದು ಪತ್ರಿಕೆ ಮೇಯರ್ ಡೇವಿಡ್ ಡಿಂಕಿನ್ಸ್ ಅವರ ಹೆಸರು ಹಿಡಿದು ‘ಡೇವ್, ಏನಾದರೂ ಮಾಡು’ ಅಂತ ಮುಖಪುಟದಲ್ಲೇ ಕೂಗಿತು. ತಮಾಷೆ ಅಂದರೆ ಮರುವರ್ಷದಿಂದಲೇ ಕೊಲೆಗಳು ಇಳಿಯತೊಡಗಿದವು. ಯಾರಿಗೂ ಅದು ಕಾಣಿಸಲಿಲ್ಲ, ಹೆಸರು ಆಗಲೇ ಕೆಟ್ಟಿತ್ತು. 1994ರಲ್ಲಿ ‘ಕಾಂಪ್‌ಸ್ಟಾಟ್’ ಬಂತು. ಠಾಣಾಧಿಕಾರಿಗಳನ್ನು ನಕ್ಷೆಯ ಮುಂದೆ ನಿಲ್ಲಿಸಿ, ನಿನ್ನ ಏರಿಯಾದಲ್ಲಿ ಇದು ಯಾಕೆ ಏರಿತು ಅಂತ ಎಲ್ಲರೆದುರು ಕೇಳುವ ಸಭೆ ಅದು. ಅಂಕಿ ಇಳಿಯಿತು. ಆಮೇಲೆ ನಿವೃತ್ತ ಅಧಿಕಾರಿಗಳನ್ನು ಇಬ್ಬರು ಪ್ರಾಧ್ಯಾಪಕರು ಮಾತನಾಡಿಸಿದಾಗ ನೂರಕ್ಕೂ ಹೆಚ್ಚು ಮಂದಿ ಒತ್ತಡದಿಂದ ಅಂಕಿ ತಿದ್ದುವುದೂ ನಡೆದಿದೆ ಅಂದರು. ಕಳುವಾದ ವಸ್ತುವಿನ ಬೆಲೆ 1,000 ಡಾಲರ್ ದಾಟಿದರೆ ದೊಡ್ಡ ಕಳ್ಳತನ, ಒಳಗಿದ್ದರೆ ಸಣ್ಣದು. ಆ ದೊಡ್ಡದು ಮಾತ್ರ ಮುಖ್ಯ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕೆಲವರು ಹಳೇ ಮಾಲು ಮಾರುವ ವೆಬ್‌ಸೈಟಿನಲ್ಲಿ ಅದೇ ವಸ್ತುವಿಗೆ ಕಡಿಮೆ ಬೆಲೆ ಹುಡುಕಿ, ಅದನ್ನೇ ಬರೆದುಕೊಳ್ಳುತ್ತಿದ್ದರಂತೆ. ಹಾಗಂತ ಇಳಿಕೆಯೆಲ್ಲ ಸುಳ್ಳಲ್ಲ. ಹೆಣವನ್ನು ಸಣ್ಣ ಕಳ್ಳತನ ಅಂತ ಬರೆಯಲಾಗುವುದಿಲ್ಲ. 2017ರಲ್ಲಿ ಕೊಲೆಗಳ ಸಂಖ್ಯೆ 292ಕ್ಕೆ ಬಂದಿತ್ತು.

ಇದೇ ಅವಧಿಯಲ್ಲಿ ಬೇರೆ ದಾರಿಯೂ ತೆರೆಯಿತು. ಠಾಣೆಯನ್ನು ಬಿಟ್ಟು ನೇರ ಮನೆಮನೆಗೆ ಹೋಗಿ ‘ಕಳೆದ ವರ್ಷ ನಿಮಗೇನಾದರೂ ಆಯಿತಾ’ ಅಂತ ಕೇಳುವ ಸಮೀಕ್ಷೆ. ಅಮೆರಿಕದಲ್ಲಿ 1970ರ ದಶಕದ ಶುರುವಿನಲ್ಲಿ, ಬ್ರಿಟನ್ನಿನಲ್ಲಿ 1982ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಅಪರಾಧ ಪೊಲೀಸರವರೆಗೆ ಹೋಗುವುದೇ ಇಲ್ಲ ಅಂತ ಅದರಿಂದ ಗೊತ್ತಾಯಿತು. ಹೋದದ್ದಾದರೂ ದಾಖಲಾಗುತ್ತದೆಯೇ? 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ತನಿಖಾ ಸಂಸ್ಥೆ ನೋಡಿದಾಗ ಶೇ 19ರಷ್ಟು ಅಪರಾಧಗಳು, ಅಂದರೆ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು, ದೂರು ಬಂದರೂ ಪುಸ್ತಕಕ್ಕೆ ಏರಿರಲಿಲ್ಲ. ಪೊಲೀಸ್ ಅಂಕಿಗಳಿಗೆ ಇದ್ದ ‘ರಾಷ್ಟ್ರೀಯ ಅಂಕಿಅಂಶ’ ಅನ್ನುವ ಮುದ್ರೆಯನ್ನು ಅದೇ ವರ್ಷ ಕಿತ್ತುಕೊಳ್ಳಲಾಯಿತು. ಆಮೇಲೆ ದಾಖಲಾತಿ ಸುಧಾರಿಸಿತು, ಹಿಂಸೆ ಏರಿದೆ ಅಂತ ಶೀರ್ಷಿಕೆಗಳು ಬಂದವು.

ಭಾರತದಲ್ಲೂ ಹೀಗೇ ಆಗಿದೆ. ಕೊಚ್ಚಿಗೆ 2010ರ ಪಟ್ಟಿ ಅಪರಾಧದ ರಾಜಧಾನಿ ಅನ್ನುವ ಬಿರುದು ತಂದುಕೊಟ್ಟಿತು. ಸಣ್ಣ ಕೇಸನ್ನೂ ಬಿಡದೆ ದಾಖಲಿಸುವ ಠಾಣೆಗಳು ಅಲ್ಲಿದ್ದವು ಅನ್ನುವುದು ಒಳಪುಟದ ವಿಷಯವಾಯಿತು. ದೆಹಲಿಯಲ್ಲಿ 2012ರಲ್ಲಿ 706 ಇದ್ದ ಅತ್ಯಾಚಾರ ಪ್ರಕರಣ 2013ರಲ್ಲಿ 1,636 ಆಯಿತು. 2012ರ ಡಿಸೆಂಬರಿನ ನಿರ್ಭಯಾ ಘಟನೆಯ ನಂತರ ಕಾನೂನಿನ ವ್ಯಾಖ್ಯೆ ವಿಸ್ತಾರವಾಗಿತ್ತು, ಇಂಥ ದೂರು ದಾಖಲಿಸದ ಪೊಲೀಸರಿಗೇ ಶಿಕ್ಷೆ ಅಂತ ಬಂದಿತ್ತು, ಹೆಣ್ಣುಮಕ್ಕಳು ಠಾಣೆಗೆ ಬರಲು ಧೈರ್ಯ ಮಾಡಿದ್ದರು. ಈ ಏರಿಕೆಯಲ್ಲಿ ಅಪರಾಧ ಎಷ್ಟು, ಧೈರ್ಯ ಎಷ್ಟು ಅಂತ ಪಟ್ಟಿ ಬೇರೆ ಮಾಡಿ ಹೇಳುವುದಿಲ್ಲ.

ಇನ್ನೊಂದು ವಿಷಯ ಯಾರೂ ಮಾತಾಡುವುದೇ ಇಲ್ಲ: ಭಾಗಿಸುವ ಸಂಖ್ಯೆ, ಅಂದರೆ ಅಪರಾಧವನ್ನು ಎಷ್ಟು ಜನಕ್ಕೆ ಹಂಚಿ ಲೆಕ್ಕ ಹಾಕುತ್ತಾರೆ ಅನ್ನುವುದು. ಅಮೆರಿಕದ ಸೇಂಟ್ ಲೂಯಿಸ್ ಕೊಲೆ ಪ್ರಮಾಣದ ಪಟ್ಟಿಯಲ್ಲಿ ಪದೇ ಪದೇ ತುದಿಗೆ ಬರುತ್ತದೆ. ಆ ಊರು 1876ರಲ್ಲಿ ಸುತ್ತಲಿನ ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಬೇರೆಯಾಗಲು ಮತ ಹಾಕಿತ್ತು. ಇವತ್ತು ಸುತ್ತಮುತ್ತ ಸೇರಿದರೆ ಸುಮಾರು 28 ಲಕ್ಷ ಜನ, ನಗರದ ಗಡಿಯೊಳಗೆ 3 ಲಕ್ಷದ ಆಸುಪಾಸು. ಶಾಂತ ಬಡಾವಣೆಗಳೆಲ್ಲ ಗೆರೆಯ ಆಚೆ ಇವೆ, ಲೆಕ್ಕ ಈಚೆಯದ್ದು ಮಾತ್ರ. ನಗರಗಳಿಗೆ ರ‍್ಯಾಂಕ್ ಕೊಡಬೇಡಿ ಅಂತ ಎಫ್‌ಬಿಐ ತಾನೇ ಹೇಳುತ್ತದೆ, ಅಮೆರಿಕದ ಅಪರಾಧಶಾಸ್ತ್ರಜ್ಞರ ಸಂಘ 2007ರಲ್ಲಿ ನಿರ್ಣಯವನ್ನೇ ಮಾಡಿತು. ಪಟ್ಟಿ ಓದುವಷ್ಟು ಜನ ಅದನ್ನು ಓದಲಿಲ್ಲ ಅಷ್ಟೆ.

ಈಗ ಪತ್ರಿಕೆಗೂ ಟೀವಿಗೂ ಕಾಯಬೇಕಾಗಿಲ್ಲ. ಸಿಸಿಟಿವಿಯ ಹತ್ತು ಸೆಕೆಂಡಿನ ತುಣುಕು ಸಾಕು. ಒಂದೇ ಸರಗಳ್ಳತನ ನಾಲ್ಕು ಗ್ರೂಪಿನಲ್ಲಿ ಬಂದರೆ ನಾಲ್ಕು ಸರಗಳ್ಳತನ ನೋಡಿದ ಹಾಗೆ ಅನ್ನಿಸುತ್ತದೆ. ಅಮೆರಿಕದ ಸಮೀಕ್ಷೆಗಳಲ್ಲಿ ಹೆಚ್ಚಿನ ವರ್ಷಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ದೇಶದಲ್ಲಿ ಅಪರಾಧ ಏರಿದೆಯಾ ಅಂದರೆ ಹೆಚ್ಚಿನವರು ಹೌದು ಅನ್ನುತ್ತಾರೆ, ಅಂಕಿ ಇಳಿಯುತ್ತಿದ್ದ ವರ್ಷಗಳಲ್ಲೂ. ನಿಮ್ಮ ಏರಿಯಾದಲ್ಲಿ ಅಂದರೆ ಹೌದು ಅನ್ನುವವರು ಕಡಿಮೆ. ತಮ್ಮ ಬೀದಿಯನ್ನು ಕಣ್ಣಾರೆ ನೋಡಿರುತ್ತಾರೆ, ದೇಶವನ್ನು ಪರದೆಯಲ್ಲಿ ನೋಡಿರುತ್ತಾರೆ.

2020ರಲ್ಲಿ ಅಲ್ಲಿ ಕೊಲೆಗಳು ನಿಜಕ್ಕೂ ಒಮ್ಮೆಲೇ ಸುಮಾರು ಶೇ 30ರಷ್ಟು ಏರಿದವು. 2021ರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅದೇ ವರ್ಷ ಎಫ್‌ಬಿಐ ಲೆಕ್ಕದ ಪದ್ಧತಿ ಬದಲಿಸಿತು. ಸುಮಾರು ಶೇ 40ರಷ್ಟು ಪೊಲೀಸ್ ಇಲಾಖೆಗಳು ಅಂಕಿಯನ್ನೇ ಕೊಡಲಿಲ್ಲ, ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಕೂಡ. ದೇಶದ ಎರಡು ಅತಿ ದೊಡ್ಡ ನಗರಗಳು ರಾಷ್ಟ್ರೀಯ ಲೆಕ್ಕದಲ್ಲೇ ಇರಲಿಲ್ಲ. ಆದರೂ ಅವು ಎಷ್ಟು ಅಪಾಯಕಾರಿ ಅನ್ನುವ ಚರ್ಚೆ ಒಂದು ದಿನವೂ ನಿಲ್ಲಲಿಲ್ಲ.