ಎಷ್ಟು ಹಾರ್ಸ್‌ಪವರ್ ಇದ್ದರೆ ಸ್ಪೋರ್ಟ್ಸ್ ಕಾರು?

"ಸರ್, ನನ್ನ ಕಾರು ಎಂಟೇ ಸೆಕೆಂಡಿಗೆ ನೂರು ಮುಟ್ಟುತ್ತೆ. ಇದನ್ನ ಸ್ಪೋರ್ಟ್ಸ್ ಕಾರು ಅನ್ನಬಹುದಾ? ಎಷ್ಟು ಹಾರ್ಸ್‌ಪವರ್ ಇರಬೇಕು?"

ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಬಿಡಿಬಿಡಿಯಾಗಿ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ತಿರುವಿನಲ್ಲಿ ಚೆನ್ನಾಗಿ ಹೋಗಬೇಕು, ಓಡಿಸುವವರ ಕೈಗೆ ರಸ್ತೆ ತಿಳಿಯಬೇಕು. ಇದನ್ನೇ ಮೊದಲ ಗುರಿ ಮಾಡಿಕೊಂಡು ಕಟ್ಟಿದ ಕಾರು ಸ್ಪೋರ್ಟ್ಸ್ ಕಾರು. ತೂಕ ಕಡಿಮೆ, ಎತ್ತರ ಕಡಿಮೆ, ಸಾಮಾನ್ಯವಾಗಿ ಎರಡೇ ಸೀಟು. ಇಷ್ಟೇ ಹಾರ್ಸ್‌ಪವರ್ ಇರಬೇಕು ಅಂತ ಎಲ್ಲೂ ನಿಯಮ ಇಲ್ಲ.

ಇಷ್ಟು ಹೇಳಿದ ಮೇಲೂ ಮತ್ತೆ ಬರುವ ಮಾತು ಒಂದೇ: "ಆದರೂ ಸ್ಪೀಡ್ ಇರಲೇಬೇಕಲ್ವಾ?" ಬೇಕಿಲ್ಲ. 1958ರಲ್ಲಿ ಬ್ರಿಟನ್ನಿನಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಬಂತು. 948 ಸಿಸಿ ಎಂಜಿನ್, 43 ಹಾರ್ಸ್‌ಪವರ್. ನೂರು ಕಿ.ಮೀ. ವೇಗ ಮುಟ್ಟಲು ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿ ಬೇಕಿತ್ತು. ಇವತ್ತಿನ ಸಾದಾ ಸಣ್ಣ ಕಾರು ಕೂಡ ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಆದರೂ ಅದು ಸ್ಪೋರ್ಟ್ಸ್ ಕಾರು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. 700 ಕೆಜಿಗಿಂತ ಕಡಿಮೆ ತೂಕ. ಬಾಗಿಲಿಗೆ ಹೊರಗಡೆ ಹಿಡಿಯೇ ಇರಲಿಲ್ಲ. ಡಿಕ್ಕಿಗೆ ಮುಚ್ಚಳವೂ ಇರಲಿಲ್ಲ, ಸೀಟು ಸರಿಸಿ ಒಳಗಿನಿಂದಲೇ ಸಾಮಾನು ತೂರಿಸಬೇಕಿತ್ತು.

ಇನ್ನೊಂದು ಕಡೆ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ನೋಡಿ. 1,020 ಹಾರ್ಸ್‌ಪವರ್. ಎರಡೂವರೆ ಸೆಕೆಂಡಿನೊಳಗೆ ನೂರು. ಆದರೆ ನಾಲ್ಕು ಬಾಗಿಲು, ಐದು ಜನರಿಗೆ ಜಾಗ, ಎರಡು ಟನ್ನಿಗಿಂತ ಜಾಸ್ತಿ ತೂಕ. ಅದ್ಭುತ ಕಾರು, ಒಪ್ಪುತ್ತೇನೆ. ಆದರೆ ಅದು ಭಾರಿ ವೇಗದ ಫ್ಯಾಮಿಲಿ ಕಾರು.

ತೂಕದ ಬಗ್ಗೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ತಿರುವಿನಲ್ಲಿ ಕಾರನ್ನು ಹಿಡಿದಿಡುವುದು ನಾಲ್ಕು ಟೈರುಗಳು ಮಾತ್ರ. ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ತೂಕ ಎರಡರಷ್ಟಾದರೆ ಟೈರುಗಳ ಮೇಲೆ ಬೀಳುವ ಕೆಲಸವೂ ಎರಡರಷ್ಟು, ಆದರೆ ಹಿಡಿತ ಪೂರ್ತಿ ಎರಡರಷ್ಟಾಗುವುದಿಲ್ಲ. ಎಂಜಿನ್ನಿನ ಶಕ್ತಿ ಉಪಯೋಗಕ್ಕೆ ಬರುವುದು ಮುಖ್ಯವಾಗಿ ನೇರ ರಸ್ತೆಯಲ್ಲಿ. ತಿರುವಿನ ನಡುವೆ ದೊಡ್ಡ ಎಂಜಿನ್ ಅಂದರೆ ಹೊತ್ತು ತಿರುಗಬೇಕಾದ ಇನ್ನಷ್ಟು ಭಾರ, ಅಷ್ಟೇ.

ಎತ್ತರದ ಕಾರಿನಲ್ಲಿ ತಿರುವಿಗೆ ಹೋಗುವಾಗ ಗಮನಿಸಿ. ಸ್ಟೇರಿಂಗ್ ತಿರುಗಿಸುತ್ತೀರಿ, ಕಾರಿನ ಮೈ ಮೊದಲು ಪಕ್ಕಕ್ಕೆ ವಾಲುತ್ತದೆ, ಒಂದು ಕ್ಷಣ ಬಿಟ್ಟು ಕಾರು ತಿರುಗುತ್ತದೆ. ಒಳ್ಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಆ ಕ್ಷಣ ಇದೆ ಅಂತಲೇ ಗೊತ್ತಾಗುವುದಿಲ್ಲ. ಕೈ ತಿರುಗಿತು, ಮೂತಿ ತಿರುಗಿತು. ಆ ಒಂದು ಕ್ಷಣ ಉಳಿಸಲು ಎಂಜಿನಿಯರುಗಳು ಹಿಂದಿನ ಸೀಟು, ಡಿಕ್ಕಿ, ಮೆತ್ತಗಿನ ಸವಾರಿ ಎಲ್ಲವನ್ನೂ ಬಿಟ್ಟುಕೊಡುತ್ತಾರೆ. ನನಗೆ ಈ ಕಾರುಗಳ ಮೇಲೆ ಇಷ್ಟು ಪ್ರೀತಿ ಇರುವುದೇ ಅದಕ್ಕೆ.

ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಇದನ್ನು ಚೆನ್ನಾಗಿ ಅರಿತಿದ್ದರು. 1962ರ ಅವರ ಎಲಾನ್ ಕಾರಿಗೆ ಇದ್ದದ್ದು 1.6 ಲೀಟರಿನ ಎಂಜಿನ್ನೇ. ಅದೇ ದಾರಿ ಹಿಡಿದು 1989ರಲ್ಲಿ ಮಾಜ್ದಾದವರು ಎಂಎಕ್ಸ್-5 ತಂದರು. ಅದೂ 1.6 ಲೀಟರ್, ಸುಮಾರು 115 ಹಾರ್ಸ್‌ಪವರ್, ತೂಕ ಒಂದು ಟನ್ನಿನೊಳಗೆ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದೇ.

ಹಿಂದೆ ರೆಕ್ಕೆ, ಕೆಂಪು ಹೊಲಿಗೆ, 'ಸ್ಪೋರ್ಟ್' ಅನ್ನೋ ಬ್ಯಾಡ್ಜ್: ಇವು ಬರೀ ಅಲಂಕಾರ. ಪೋರ್ಷೆ 911ಕ್ಕೆ ಹಿಂದೆ ಎರಡು ಪುಟ್ಟ ಸೀಟು ಇವೆಯಲ್ಲ ಅಂತ ಕೇಳುವವರಿಗೆ: ಅದೂ ಸ್ಪೋರ್ಟ್ಸ್ ಕಾರೇ. ಸೀಟಿನ ಲೆಕ್ಕ ಕಟ್ಟುನಿಟ್ಟಲ್ಲ.

ಎಲಾನ್ ಹೆಸರು ಬಂದಿದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಇಂಥ ಕಾರುಗಳಲ್ಲಿ ಎಷ್ಟೋ ಕಾರುಗಳಿಗೆ ಗಟ್ಟಿ ಛಾವಣಿ ಇಲ್ಲ. ಛಾವಣಿ ತೆಗೆದರೆ ಕಾರು ಹಗುರ ಆಗುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಒಂದು ಶೂ ಡಬ್ಬ ತಗೊಳ್ಳಿ. ಮುಚ್ಚಳ ಅಂಟಿಸಿ, ಎರಡು ತುದಿ ಹಿಡಿದು ತಿರುಚಿ ನೋಡಿ. ಗಟ್ಟಿಯಾಗಿರುತ್ತದೆ. ಮುಚ್ಚಳ ಕಿತ್ತು ಮತ್ತೆ ತಿರುಚಿ. ಸುಮ್ನೆ ಬಳುಕಿಬಿಡುತ್ತದೆ. ಕಾರಿನ ಮೈಯೂ ಹಾಗೆಯೇ. ಮೈ ತಿರುಚಿಕೊಂಡರೆ ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಮೈಗೆ ಸೇರಿಸುವ ಸ್ಪ್ರಿಂಗ್ ವ್ಯವಸ್ಥೆ, ಸರಿಯಾಗಿ ಕೆಲಸ ಮಾಡದು. ಹಾಗಾಗಿ ಮಾಮೂಲಿ ಕಾರಿನ ಛಾವಣಿ ಕತ್ತರಿಸಿದರೆ ಕೆಳಗೆ ಅದಕ್ಕಿಂತ ಹೆಚ್ಚು ಕಬ್ಬಿಣ ತುಂಬಬೇಕಾಗುತ್ತದೆ, ತೂಕ ಏರುತ್ತದೆ.

ಚಾಪ್‌ಮನ್ ಎಲಾನ್‌ನ ನಡುವೆ ಬೆನ್ನುಮೂಳೆಯ ಹಾಗೆ ಒಂದು ಉಕ್ಕಿನ ಚಾಸಿ (ಕಾರನ್ನು ಹೊರುವ ಚೌಕಟ್ಟು) ಇಟ್ಟು, ಮೇಲೆ ಫೈಬರ್‌ಗ್ಲಾಸ್ ಮೈ ಕೂರಿಸಿದರು. ಛಾವಣಿಯ ಹಂಗೇ ಇಲ್ಲ. 1996ರ ಲೋಟಸ್ ಎಲೀಸ್‌ನಲ್ಲಿ ಅಲ್ಯೂಮಿನಿಯಂ ತುಂಡುಗಳನ್ನು ಅಂಟು ಹಾಕಿ ಜೋಡಿಸಿದರು. ಇಡೀ ಚಾಸಿ 68 ಕೆಜಿ, ಒಬ್ಬ ಮನುಷ್ಯನ ತೂಕ. ಅದಕ್ಕೆ ಗಟ್ಟಿತನ ಕೊಡುವುದು ಬಾಗಿಲ ಕೆಳಗೆ ಎರಡೂ ಬದಿಯಲ್ಲಿ ಓಡುವ ದಪ್ಪ ತೊಲೆಗಳು. ಎಲೀಸ್ ಹತ್ತುವಾಗ ಹೊಸಲು ಅಷ್ಟು ಎತ್ತರ, ಅಷ್ಟು ಅಗಲ ಇರುವುದು ಅದಕ್ಕೇ. ಮೊದಲು ಒಂದು ಕಾಲು ಒಳಗಿಟ್ಟು, ಆಮೇಲೆ ಮೈ ಇಳಿಸಿ, ಕೊನೆಗೆ ಇನ್ನೊಂದು ಕಾಲು ಎಳೆದುಕೊಳ್ಳಬೇಕು.