ತಲೆ ಬಿಡಿ, ಬಟ್ಟೆ ನೋಡಿ

ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೊನಿಬಾರೆ ಅವರ ಶಿಲ್ಪಗಳ ಫೋಟೊ ತೋರಿಸಿದರೆ ಶಿಲ್ಪಕಲೆ ಕಲಿಯುವ ಹುಡುಗರು ಮೊದಲು ಕೇಳುವುದು ಒಂದೇ: 'ಸರ್, ತಲೆ ಎಲ್ಲಿ?' ನಾನು ಬಟ್ಟೆಯಿಂದ ಶುರು ಮಾಡುತ್ತೇನೆ.

2003ರ 'ಸ್ಕ್ರ್ಯಾಂಬಲ್ ಫಾರ್ ಆಫ್ರಿಕಾ' ತೆಗೆದುಕೊಳ್ಳಿ. ಉದ್ದನೆಯ ಮೇಜು, ಅದರ ಮೇಲೆ ಆಫ್ರಿಕಾದ ನಕ್ಷೆ, ಸುತ್ತ ಆಳೆತ್ತರದ, ತಲೆಯಿಲ್ಲದ 14 ಬೊಂಬೆಗಳು. 1884-85ರಲ್ಲಿ ಯುರೋಪಿನ ದೇಶಗಳು ಬರ್ಲಿನ್‌ನಲ್ಲಿ ಕೂತು ಆಫ್ರಿಕಾ ಹಂಚಿಕೊಳ್ಳುವ ನಿಯಮ ಮಾಡಿಕೊಂಡವಲ್ಲ, ಅದೇ ಸಭೆ. ಆಫ್ರಿಕಾದವರನ್ನು ಯಾರೂ ಕರೆದಿರಲಿಲ್ಲ. ಕೋಟುಗಳ ಹೊಲಿಗೆ ಪಕ್ಕಾ ವಿಕ್ಟೋರಿಯಾ ಕಾಲದ್ದು. ಬಟ್ಟೆ ಮಾತ್ರ ನೈಜೀರಿಯಾದ ಲೇಗೋಸ್ ಪೇಟೆಯಲ್ಲಿ ಕಾಣುವಂಥ ಗಾಢ ಬಣ್ಣದ ಪ್ರಿಂಟು.

ಆಫ್ರಿಕಾದ ಬಟ್ಟೆ, ಅಲ್ವಾ? ಮೂಲ ಜಾವಾದ ಬಾಟಿಕ್, ಅಂದರೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣದಲ್ಲಿ ಅದ್ದುವ ಬಟ್ಟೆ. ಇಂಡೋನೇಷ್ಯಾವನ್ನು ಆಳುತ್ತಿದ್ದ ಡಚ್ಚರು ಅದನ್ನು ಯಂತ್ರದಲ್ಲಿ ಅಗ್ಗವಾಗಿ ಮಾಡಲು ಹೊರಟರು. ಮೇಣದ ಬದಲು ರಾಳ ಹಚ್ಚಿದರು. ರಾಳ ಇರುವ ಕಡೆ ಬಣ್ಣ ಹತ್ತುವುದಿಲ್ಲ. ಅದು ಬಿರುಕು ಬಿಟ್ಟಲ್ಲಿ ಬಣ್ಣ ಒಳಗಿಳಿದು ಎಳೆ ಎಳೆ ಗೆರೆ ಮೂಡುತ್ತದೆ. ಜಾವಾದಲ್ಲಿ ಈ ಮಾಲು ಅಷ್ಟಾಗಿ ನಡೆಯಲಿಲ್ಲ. ಪಶ್ಚಿಮ ಆಫ್ರಿಕಾದವರಿಗೆ ಹಿಡಿಸಿತು. ಆಮೇಲೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳೂ ಈ ವ್ಯಾಪಾರಕ್ಕೆ ಇಳಿದವು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಲೇಗೋಸ್‌ನಲ್ಲಿ ಬೆಳೆದ ಶೊನಿಬಾರೆ ಇದನ್ನು ಕೊಂಡದ್ದು ಎಲ್ಲಿ? ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿನಲ್ಲಿ! 'ನಿನ್ನದು ಯಾವ ಊರಿನ ಕಲೆ?' ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕೇ?

ಈಗ ತಲೆ. ಫ್ರೆಂಚ್ ಕ್ರಾಂತಿಯಲ್ಲಿ ಶ್ರೀಮಂತರ ತಲೆ ಕಡಿದದ್ದರ ತಮಾಷೆ ಅದರಲ್ಲಿದೆ. ಮುಖವಿಲ್ಲದಿದ್ದರೆ ಇವನು ಬಿಳಿಯನೋ ಕರಿಯನೋ ಅಂತ ಹೇಳಲೂ ಆಗುವುದಿಲ್ಲ. ಆದರೆ ಶಿಲ್ಪಿಯಾಗಿ ನಾನು ನೋಡುವುದು ಬೇರೆ. ಮುಖ ಹೋದರೆ ಸಿಟ್ಟು, ದುರಾಸೆ ಎಲ್ಲವನ್ನೂ ಬೆನ್ನು, ಭುಜ, ಕೈಗಳೇ ಹೇಳಬೇಕು. ಆ ಮೇಜಿನ ಸುತ್ತ ಒಬ್ಬೊಬ್ಬನ ಕೈ ಒಂದೊಂದು ವಾದ ಹೂಡುತ್ತದೆ. ಇದು ಸುಮ್ನೆ ಬರುವ ಕೆಲಸವಲ್ಲ.

2010ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಶೊನಿಬಾರೆ ಇಟ್ಟ ಬಾಟಲಿಯೊಳಗಿನ ಹಡಗು ಜಾಸ್ತಿ ಹೆಸರಾಯಿತು. ಬ್ರಿಟನ್ನಿನ ನೌಕಾಪಡೆಯ ನಾಯಕ ನೆಲ್ಸನ್‌ನ ವಿಕ್ಟರಿ ಹಡಗಿನ ಮಾದರಿ, 37 ಹಾಯಿಗಳಲ್ಲೂ ಇದೇ ಚಿತ್ತಾರ. ಈಗ ಅದು ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದ ಹೊರಗಿದೆ.

ಅವರ 'ವಿಂಡ್ ಸ್ಕಲ್ಪ್ಚರ್' ಸರಣಿ ಮಾತ್ರ ನನಗೆ ಅಷ್ಟು ರುಚಿಸಲಿಲ್ಲ. ಗಾಳಿಗೆ ಉಬ್ಬಿದ ಬಟ್ಟೆಯ ಆಕಾರ, ಆದರೆ ಫೈಬರ್‌ಗ್ಲಾಸಿನ ಮೈ, ಮೇಲೆ ಬಣ್ಣದ ಚಿತ್ತಾರ. ಬಯಲಿನ ಮಳೆ ಬಿಸಿಲಿಗೆ ನಿಜವಾದ ಬಟ್ಟೆ ತಡೆಯುವುದಿಲ್ಲ, ಆ ಕಷ್ಟ ನನಗೂ ಗೊತ್ತು. ಆದರೂ ಹೊಲಿಗೆ ಇಲ್ಲ, ಕತ್ತರಿಸಿದ ಅಂಚಿಲ್ಲ, ಕೋಟು ಹಾಕಿಕೊಂಡ ಮೈಯೂ ಇಲ್ಲ. ಅಷ್ಟೆಲ್ಲ ಹೋದಮೇಲೆ ಉಳಿಯುವುದು ಚಂದದ ವಿನ್ಯಾಸ. ಬರ್ಲಿನ್ ಸಭೆಯ ಆ ಕುಟುಕು ಇರುವುದಿಲ್ಲ.