ನಿಮ್ಮ ಮನೆಯ ಚೇಂಬರ್ ಎಲ್ಲಿದೆ?

ಹೋಳಿ ಹುಣ್ಣಿಮೆ ಮುಗಿದು ಶರಣಬಸವೇಶ್ವರರ ಜಾತ್ರೆ ಹತ್ತಿರವಾದರೆ ನನ್ನ ಮೊಬೈಲ್‌ಗೆ ಬಿಡುವಿರುವುದಿಲ್ಲ. ನಾಲ್ಕು ಜನರ ಮನೆಗೆ ಹದಿನೈದು ಜನ ಬಂದಿಳಿದಿರುತ್ತಾರೆ. ಬೆಳಿಗ್ಗೆ ಆರಕ್ಕೇ ಕರೆ: ‘ಅಣ್ಣಾ, ಸಂಡಾಸು ತುಂಬಿ ನಿಂತಿದೆ, ಮನೆಯಲ್ಲಿ ಬೀಗರಿದ್ದಾರೆ, ಬೇಗ ಬಾ.’ ನಾನು ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಚೇಂಬರ್ ಎಲ್ಲಿದೆ? ಚೇಂಬರ್ ಎಂದರೆ ಸಂಡಾಸಿನ ಪೈಪು ಮನೆಯ ಹೊರಗೆ ಬಂದು ಸೇರುವ, ಮುಚ್ಚಳವಿರುವ ಚಿಕ್ಕ ಗುಂಡಿ. ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಳದ ಕೆಲಸ ಮಾಡುತ್ತಿದ್ದೇನೆ. ತಡವರಿಸದೆ ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು.

ನೀರು ನಿಂತದ್ದು ಪ್ಯಾನಿನಲ್ಲಿ ಕಾಣುತ್ತದೆ, ಕಟ್ಟಿಕೊಂಡದ್ದು ಮೂವತ್ತು ಅಡಿ ಆಚೆ ಇರಬಹುದು. ಪತ್ತೆ ಮಾಡುವುದು ಕಷ್ಟವಲ್ಲ. ಚೇಂಬರಿನ ಮುಚ್ಚಳ ಸರಿಸಿ ನೋಡಿ. ಅದು ಬರಿದಾಗಿದ್ದರೆ ತೊಂದರೆ ಪ್ಯಾನ್ ಮತ್ತು ಚೇಂಬರಿನ ನಡುವೆ. ಅದೇ ತುಂಬಿ ನಿಂತಿದ್ದರೆ ಅಲ್ಲಿಂದ ಮುಂದೆ, ಸೆಪ್ಟಿಕ್ ಟ್ಯಾಂಕಿನ ಕಡೆ ಅಥವಾ ಬೀದಿಯ ಒಳಚರಂಡಿಯ ಕಡೆ. ಆಗ ಒಳಗೆ ಕುಳಿತು ಎಷ್ಟು ತಳ್ಳಿದರೂ ತೋಳು ನೋಯುವುದೇ ಹೊರತು ನೀರು ಇಳಿಯುವುದಿಲ್ಲ. ಮುಚ್ಚಳ ತೆಗೆದಾಗ ಬಗ್ಗಿ ಮುಖ ಹಾಕಬೇಡಿ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಪ್ಯಾನಿನ ಬಳಿಯೇ ಕಟ್ಟಿದ್ದರೆ ಹೆಚ್ಚಿನ ಸಲ ನನ್ನನ್ನು ಕರೆಯುವ ಅಗತ್ಯವೇ ಇಲ್ಲ. ಪ್ಯಾನಿನ ಕೆಳಗೆ ಡೊಂಕು ಪೈಪು ಇರುತ್ತದೆ, ನಾವು ಟ್ರ್ಯಾಪ್ ಎನ್ನುತ್ತೇವೆ. ಅದರಲ್ಲಿ ಸದಾ ಎರಡು ಇಂಚಿನಷ್ಟು ನೀರು ನಿಂತು ಕೆಟ್ಟ ವಾಸನೆಯನ್ನು ತಡೆಯುತ್ತದೆ. ಗುಟ್ಕಾ ಚೀಟಿ, ಶಾಂಪೂ ಪೊಟ್ಟಣ, ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್, ಸಾಬೂನಿನ ಚೂರು, ಎಲ್ಲವೂ ಸಿಕ್ಕಿಕೊಳ್ಳುವುದು ಆ ಡೊಂಕಿನಲ್ಲೇ. ಅದನ್ನು ಬಿಡಿಸಲು ಹಿಡಿಯುಳ್ಳ ರಬ್ಬರ್ ಪಂಪು (ಪ್ಲಂಜರ್) ಬಳಸಿ, ಅದರ ಬಟ್ಟಲು ನೀರಿನಲ್ಲಿ ಪೂರ್ತಿ ಮುಳುಗಿರಬೇಕು. ಬಾಯಿ ಸರಿಯಾಗಿ ಕೂರದಿದ್ದರೆ ಸುತ್ತ ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ. ಮೊದಲ ಒತ್ತು ಮೆಲ್ಲಗೆ, ಒಳಗಿನ ಗಾಳಿ ಹೊರಹೋಗಲಿ. ಇಲ್ಲದಿದ್ದರೆ ಹೊಲಸು ನೀರು ಮುಖಕ್ಕೆ ಹಾರುತ್ತದೆ. ಆಮೇಲೆ ಹದಿನೈದು-ಇಪ್ಪತ್ತು ಸಲ ಜೋರಾಗಿ. ಎಲ್ಲರೂ ತಳ್ಳುವುದಕ್ಕೆ ಬಲ ಹಾಕುತ್ತಾರೆ. ಸಿಕ್ಕಿಕೊಂಡದ್ದು ಸಡಿಲವಾಗುವುದು ಬಹುತೇಕ ಎಳೆತಕ್ಕೆ. ಅದಕ್ಕೂ ಬಗ್ಗದಿದ್ದರೆ ಪೈಪಿನೊಳಗೆ ಬಿಟ್ಟು ತಿರುಗಿಸುವ ಉದ್ದನೆಯ ಸ್ಪ್ರಿಂಗ್ ತರಬೇಕು. ಬಿದಿರಿನ ದಬ್ಬೆಯನ್ನೋ ಕಬ್ಬಿಣದ ಸಲಾಕೆಯನ್ನೋ ತುರುಕಬೇಡಿ. ಟ್ರ್ಯಾಪ್ ಒಡೆದರೆ ನೆಲ ಅಗೆಯದೆ ದಾರಿಯಿಲ್ಲ.

ಇನ್ನು ಆ್ಯಸಿಡ್. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಬೋರಿನ ಗಡಸು ನೀರಿನಿಂದ ಪ್ಯಾನಿಗೆ ಹತ್ತುವ ಬಿಳಿ ಸುಣ್ಣದ ಪದರವನ್ನು ಅದು ಕರಗಿಸುತ್ತದೆ, ನಿಜ. ಆದರೆ ಬಟ್ಟೆ, ಪ್ಲಾಸ್ಟಿಕ್, ಕೂದಲನ್ನು ಅದು ಮುಟ್ಟುವುದೂ ಇಲ್ಲ. ಸಿಮೆಂಟಿನ ಸಂದುಗಳನ್ನು ತಿನ್ನುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಒಂದು ಮನೆಯಲ್ಲಿ ಆ್ಯಸಿಡ್ ಸುರಿದು, ಸಾಲದೆಂದು ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ನಾನು ಬಾಗಿಲು ತೆಗೆದೊಡನೆ ಗಂಟಲು ಕಟ್ಟಿ ಕಣ್ಣು ಉರಿಯತೊಡಗಿತು. ಅವೆರಡೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ, ಶ್ವಾಸಕೋಶಕ್ಕೆ ವಿಷ. ಹಾಕಿಬಿಟ್ಟಿದ್ದರೆ ಸಂಕೋಚ ಬಿಟ್ಟು ಬಂದವನಿಗೆ ಮೊದಲೇ ಹೇಳಿ, ಪ್ಯಾನಿಗೆ ಕೈ ಹಾಕುವವನು ಅವನು. ಕುದಿಯುವ ನೀರೂ ಬೇಡ, ಪಿಂಗಾಣಿ ಬಿರುಕು ಬಿಡುತ್ತದೆ.

ನಮ್ಮ ಕಡೆಯ ಸಂಡಾಸುಗಳು ಕಟ್ಟಿಕೊಳ್ಳಲು ಕಸದಷ್ಟೇ ದೊಡ್ಡ ಕಾರಣ ನೀರಿನ ಜಿಪುಣತನ. ಬೇಸಿಗೆಯಲ್ಲಿ ನಳ ದಿನ ಬಿಟ್ಟು ದಿನ ಬರುವಾಗ ಯಾರನ್ನು ಬೈಯುವುದು? ಆದರೂ ಒಂದೊಂದೇ ಮಗ್ಗಿನಂತೆ ಆರು ಸಲ ಹಾಕಿದ ನೀರು ಮಲವನ್ನು ಡೊಂಕು ದಾಟಿಸಿ ಪೈಪಿನ ನಡುದಾರಿಯಲ್ಲಿ ಬಿಟ್ಟುಬಿಡುತ್ತದೆ. ಅದೇ ಆರು ಲೀಟರನ್ನು ಬಕೆಟ್ಟಿನಿಂದ ಒಂದೇ ಬೀಸಿಗೆ ಸುರಿದರೆ ಚೇಂಬರ್ ತನಕ ನೂಕಿಕೊಂಡು ಹೋಗುತ್ತದೆ. ಬಟ್ಟೆ ಒಗೆದ ನೀರನ್ನು ಎತ್ತಿಡಿ, ಇದಕ್ಕೆ ಅದು ಧಾರಾಳ ಸಾಕು.

ಎರಡನೆಯದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಪೈಪು ಎರಡು-ಮೂರು ವರ್ಷಗಳಲ್ಲಿ ನಡುವೆ ಜೋಲು ಬೀಳುತ್ತದೆ, ಆ ಜೋಲಿನಲ್ಲಿ ಎಲ್ಲವೂ ತಂಗುತ್ತದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಕಟ್ಟುತ್ತಿದ್ದರೆ ಅನುಮಾನವೇ ಬೇಡ, ಅಗೆಸಿ ನೋಡಿ. ಹೊಸದಾಗಿ ಹಾಕಿಸುವಾಗ ಕೆಳಗೆ ಮುರುಮು ಹಾಕಿ ಧಮ್ಮಸು ಮಾಡಿಸಿ, ಮೇಲೆ ಮರಳು ಹಾಸಿಸಿ. ನಾಲ್ಕು ಇಂಚಿನ ಪೈಪಿಗೆ ಹತ್ತು ಅಡಿಗೆ ಮೂರು ಇಂಚು ಇಳಿಜಾರು ಕೊಡಿಸಿ.

ಟ್ಯಾಂಕೇ ತುಂಬಿದ್ದರೆ ಹೀರುವ ಯಂತ್ರದ ಗಾಡಿ ಕರೆಸಿ. ಯಾರನ್ನೂ ಒಳಗೆ ಇಳಿಸಬೇಡಿ. ಸುರಕ್ಷಾ ಸಾಧನಗಳಿಲ್ಲದೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧವೆನ್ನುತ್ತದೆ, ಒಳಗಿನ ಅನಿಲ ಕಾಯ್ದೆಗಾಗಿ ಕಾಯುವುದಿಲ್ಲ.

ಜೇವರ್ಗಿ ರಸ್ತೆಯ ಕಡೆಯ ಒಂದು ಮನೆಯಲ್ಲಿ ಜಾತ್ರೆಯ ದಿನವೇ ಎರಡೂ ಸಂಡಾಸುಗಳು ನಿಂತುಹೋಗಿದ್ದವು. ಎರಡೂ ಒಟ್ಟಿಗೆ ನಿಂತರೆ ಅಡಚಣೆ ಹೊರಗಿನದೇ. ಚೇಂಬರ್ ಎಲ್ಲಿ ಎಂದೆ. ಮನೆಯ ಯಜಮಾನರು ಮಗನ ಮುಖ ನೋಡಿದರು, ಮಗ ಹೆಂಡತಿಯ ಮುಖ ನೋಡಿದ. ಕೊನೆಗೆ ಒಳಗಿನಿಂದ ಮುದುಕಿ ಕೋಲೂರುತ್ತ ಬಂದು ನಿಂತ ಕಾರಿನ ಕೆಳಗೆ ಬೊಟ್ಟು ಮಾಡಿದರು. ಅಂಗಳಕ್ಕೆಲ್ಲ ಹೊಸ ಟೈಲ್ಸ್ ಹಾಕಿಸುವಾಗ ಮುಚ್ಚಳದ ಮೇಲೂ ಹಾಕಿಸಿಬಿಟ್ಟಿದ್ದರು. ಕಾರು ಸರಿಸಿ, ನಾಲ್ಕು ಟೈಲ್ಸ್ ಒಡೆದು, ಸ್ಪ್ರಿಂಗ್ ಬಿಟ್ಟರೆ ಹೊರಬಂದದ್ದು ಒಂದು ಅಂಗಿಯ ತೋಳು. ಎರಡು ಬಕೆಟ್ ನೀರು ಸುರಿದು ಚೇಂಬರಿನಲ್ಲಿ ಓಡುವುದನ್ನು ನೋಡಿದ ಮೇಲೆಯೇ ಕೈ ತೊಳೆದುಕೊಂಡೆ. ಈಗ ಅಲ್ಲಿ ಟೈಲ್ಸ್ ಇಲ್ಲ. ಕಬ್ಬಿಣದ ಬಳೆ ಕೂರಿಸಿದ ಶಹಾಬಾದ ಪರಸಿ ಇದೆ, ಅದರ ಮೇಲೆ ಕಾರು ನಿಲ್ಲಿಸಲು ಮುದುಕಿ ಬಿಡುವುದಿಲ್ಲವಂತೆ.